ಹೂವಪ್ಪ ಹೇಳದ ಒಂದು ಮಾತು

ಹೂವಪ್ಪನ ಕೈಯಲ್ಲಿ ಸರಿಯಾಗದ ಬ್ಯಾಟರಿಯೇ ಇಲ್ಲ ಎಂದು ಕಾಪುವಿನ ಬಸ್ಸು ಡ್ರೈವರುಗಳು ಹೇಳುತ್ತಿದ್ದರು. ಅವನೂ ಅದನ್ನು ನಂಬಿದ್ದ. ಹಾಗಾಗಿ ಎಂಬತ್ತೆಂಟನೇ ಇಸವಿಯಲ್ಲಿ ಬೀರಾನ್ ಸಾಯಿಬರು ದುಬೈಯಿಂದ ತಂದ ಅಮೆರಿಕದ ಕಾರು ಚಾರ್ಜ್ ಆಗದೆ ಕೆಟ್ಟಾಗ ನೇರ ಅವನ ಅಂಗಡಿಗೇ ಬಂತು. ಸಾಯಿಬರ ತಾಯಿ ರುಕಿಯಮ್ಮನ ಕಾಲಿನ ಹುಣ್ಣು ವಾಸಿಯಾಗದೆ ಪ್ರತಿ ಬುಧವಾರ ಮಣಿಪಾಲದ ಆಸ್ಪತ್ರೆಗೆ ಹೋಗಬೇಕಿತ್ತು. ಸಾಯಿಬರು ಕಾರು ತಂದದ್ದೇ ಅದಕ್ಕಾಗಿ.

ಹೂವಪ್ಪ ಬಾನೆಟ್ ಎತ್ತಿ, ಚಾರ್ಜನ್ನು ಹದದಲ್ಲಿಡುವ ರೆಗ್ಯುಲೇಟರ್ ಹುಡುಕಿದ. ಎಲ್ಲಿಯೂ ಇಲ್ಲ. ಕರೆಂಟು ಹುಟ್ಟಿಸುವ ಆಲ್ಟರ್ನೇಟರಿನ ಹಿಂದಿನಿಂದ ಹೊರಟ ತೆಳು ವಯರೊಂದು ಬ್ಯಾಟರಿಯ ಅಡಿಯಿಂದ ಹಾದು ಸಣ್ಣ ಪೆಟ್ಟಿಗೆಯೊಂದನ್ನು ಸೇರಿತ್ತು.

"ಅದು ಕಂಪ್ಯೂಟರಂತೆ," ಎಂದರು ಸಾಯಿಬರು. "ಎಷ್ಟು ಚಾರ್ಜ್ ಆಗಬೇಕು ಅಂತ ಅದೇ ನೋಡಿಕೊಳ್ಳುವುದಂತೆ."

ಅಂಥದ್ದನ್ನು ಹೂವಪ್ಪ ಕಂಡೇ ಇರಲಿಲ್ಲ. ಬ್ಯಾಟರಿಗೆ ಮೀಟರ್ ಹಚ್ಚಿ, ಎಂಜಿನ್ ಚಾಲು ಮಾಡಿಸಿ, ಆ ವಯರು ಹೊರಡುವಲ್ಲಿ ಕಂಪ್ಯೂಟರನ್ನು ಬಿಟ್ಟು ನೇರ ಅರ್ತ್ ಕೊಟ್ಟ. ಮೀಟರಿನ ಮುಳ್ಳು ಜಿಗಿಯಿತು. ಹಾಗಾದರೆ ಆಲ್ಟರ್ನೇಟರ್ ಸರಿ ಉಂಟು. ಮುಂದೆ ಏನು ನೋಡಬೇಕೆಂದು ಅವನಿಗೆ ತಿಳಿಯಲಿಲ್ಲ. ಗೊತ್ತಿಲ್ಲ ಎನ್ನಲು ನಾಲಿಗೆ ಏಳಲಿಲ್ಲ.

"ಕಂಪ್ಯೂಟರ್ ಹೋಗಿದೆ. ದುಬೈಯಿಂದಲೇ ತರಿಸಬೇಕು," ಎಂದುಬಿಟ್ಟ.

ಪೆಟ್ಟಿಗೆ ಬರಲು ಮೂರು ತಿಂಗಳು ಹಿಡಿಯಿತು. ಅಷ್ಟೂ ಬುಧವಾರ ರುಕಿಯಮ್ಮ ಸೊಸೆ ಜುಬೈದಾಳ ತೋಳು ಹಿಡಿದು, ಕುಂಟುತ್ತಾ ಬಸ್ಸು ಹತ್ತುವುದನ್ನು ಹೂವಪ್ಪ ಅಂಗಡಿಯಿಂದಲೇ ಕಂಡ. ಒಮ್ಮೆ ಬಸ್ಸಿನ ಮೆಟ್ಟಿಲಿಗೆ ಅವರ ಹುಣ್ಣು ತಾಗಿ ಬಟ್ಟೆಯೆಲ್ಲ ರಕ್ತವಾಯಿತು. ಅವನು ಬೆನ್ನು ತಿರುಗಿಸಿ ನಿಂತ.

ಹೊಸ ಪೆಟ್ಟಿಗೆ ಬಂದದ್ದೂ ಬುಧವಾರವೇ. ರುಕಿಯಮ್ಮ ಆಗಲೇ ಹಿಂದಿನ ಸೀಟಿನಲ್ಲಿ ಕುಳಿತಿದ್ದರು. ಪೆಟ್ಟಿಗೆ ಜೋಡಿಸಿ ಎಂಜಿನ್ ಚಾಲು ಮಾಡಿದರೆ ಮೀಟರಿನ ಮುಳ್ಳು ಹನ್ನೆರಡು ವೋಲ್ಟಿನಿಂದ ಕದಲಲಿಲ್ಲ. ಹೂವಪ್ಪ ಎಂಜಿನ್ ನಿಲ್ಲಿಸಿದ. ಬ್ಯಾಟರಿ ಕೆಳಗಿಳಿಸಿ, ಆ ವಯರನ್ನು ಬೆರಳಲ್ಲಿ ಹಿಡಿಯುತ್ತಾ ಹೋದ. ಒಂದು ಕಡೆ ಅದು ಮೆತ್ತಗೆ ಬಗ್ಗಿತು. ಮೇಲಿನ ರಬ್ಬರ್ ಕುಯ್ದು ನೋಡಿದರೆ ಒಳಗಿನ ತಾಮ್ರ ಹಸಿರುಗಟ್ಟಿ ಪುಡಿಯಾಗಿತ್ತು. ಒಂದು ಗೇಣು ಹೊಸ ವಯರು ಸೇರಿಸಿ ಬೆಸುಗೆ ಹಾಕಿದ. ಬ್ಯಾಟರಿ ಕೂರಿಸಿ ಮತ್ತೆ ಚಾಲು ಮಾಡಿದಾಗ ಮುಳ್ಳು ಹದಿನಾಲ್ಕು ದಾಟಿ ನಿಂತಿತು; ಚಾರ್ಜ್ ಆಗುತ್ತಿತ್ತು.

"ಭೇಷ್ ಹೂವಪ್ಪಣ್ಣ! ಕಂಪ್ಯೂಟರೇ ಹೋದದ್ದು ಅಂತ ನೀವು ಅವತ್ತೇ ಹೇಳಿದ್ದಿರಿ ಅಲ್ವಾ?" ಎಂದರು ಸಾಯಿಬರು.

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಹೂವಪ್ಪ ಎಂಜಿನ್ ನಿಲ್ಲಿಸಿ ಹಳೆಯ ಪೆಟ್ಟಿಗೆಯನ್ನೇ ಮತ್ತೆ ಜೋಡಿಸಿದ. ಚಾಲು ಮಾಡಿದರೆ ಮುಳ್ಳು ಹದಿನಾಲ್ಕರ ಮೇಲೆಯೇ ಬಂದು ನಿಂತಿತು.

"ಇದಕ್ಕೆ ಎಂತದ್ದೂ ಆಗಿರಲಿಲ್ಲ ಸಾಯಿಬರೇ. ನಾನು ವಯರು ನೋಡಲೇ ಇಲ್ಲ. ನನಗೆ ಗೊತ್ತಿರಲಿಲ್ಲ. ಹೇಳಲಿಕ್ಕೆ ನಾಚಿಕೆಯಾಯಿತು."

ಸಾಯಿಬರ ಮುಖ ಕೆಂಪಾಯಿತು. "ಗೊತ್ತಿಲ್ಲ ಅಂತ ಒಂದು ಮಾತು ಸಾಕಿತ್ತಲ್ಲ ಮಾರಾಯ್ರೆ! ನಮ್ಮ ಉಮ್ಮ ಮೂರು ತಿಂಗಳು ಬಸ್ಸಿನಲ್ಲಿ..." ಅವರು ಬಾನೆಟನ್ನು ದಡಕ್ಕನೆ ಮುಚ್ಚಿದರು.

"ಹೊತ್ತಾಯಿತು, ಹೊರಡು ಬೀರಾನ್," ಎಂದರು ರುಕಿಯಮ್ಮ. ಮತ್ತೆ ಹೂವಪ್ಪನ ಕಡೆ ನೋಡಿ, "ನೀನೂ ಹತ್ತು. ದಾರಿಯಲ್ಲಿ ನಿಂತರೆ ನೋಡುವವರು ಬೇಕಲ್ಲ," ಎಂದರು.

ಮಣಿಪಾಲದವರೆಗೆ ಕಾರು ಎಲ್ಲಿಯೂ ನಿಲ್ಲಲಿಲ್ಲ. ಆಸ್ಪತ್ರೆಯ ಮೆಟ್ಟಿಲಲ್ಲಿ ರುಕಿಯಮ್ಮ ಅವನ ಹೆಗಲಿಗೆ ಕೈಕೊಟ್ಟು ಒಂದೊಂದೇ ಹೆಜ್ಜೆ ಹತ್ತಿದರು. ಮೇಲೆ ಮುಟ್ಟುವವರೆಗೂ ಹೂವಪ್ಪ ಅವರ ಮುಖ ನೋಡಲಿಲ್ಲ.