ರೈಟ್ ಅನ್ನದೆ ಹೊರಡದ ಭಾವ

ನಮ್ಮ ಭಾವನ ಚಿತ್ರ ಬರೆಯುವವರು ಮುಖದಿಂದ ಶುರು ಮಾಡಿದರೆ ಕೆಟ್ಟರು, ಕುತ್ತಿಗೆಯಿಂದ ಶುರು ಮಾಡಬೇಕು. ಗಿಡ್ಡಗೆ, ದಪ್ಪಗೆ, ಹಿಂಬದಿಯಲ್ಲಿ ಮಡಿಕೆ ಮಡಿಕೆಯಾಗಿ ಕೂತ ಆ ಕುತ್ತಿಗೆ ಪ್ರವಾಸಿ ಬಸ್ಸಿನ ಸ್ಟಿಯರಿಂಗಿನ ಮೇಲೆ ಅರ್ಧ ಆಯುಷ್ಯ ಕಳೆದದ್ದು. ಭಾವ ನಿವೃತ್ತರಾದರು, ಕುತ್ತಿಗೆ ಮಾತ್ರ ಆಗಲೊಲ್ಲದು. ನಡುಮನೆಯಿಂದ ಅಡಿಗೆಮನೆಗೆ ನೀರು ಕುಡಿಯಲು ಹೋಗುವಾಗಲೂ ಅವರು ಹೊಸಿಲ ಬಳಿ ಒಂದು ಕ್ಷಣ ನಿಂತು, ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ ತಿರುಗಿ, ಒಲೆಯ ಕಡೆಯಿಂದ ಯಾವ ಲಾರಿಯೂ ಬರುತ್ತಿಲ್ಲವೆಂದು ಖಾತ್ರಿಯಾದ ಮೇಲೆಯೇ ಕಾಲು ಎತ್ತಿಡುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ ಅವರಿಗೆ ಗೂಬೆ ಡ್ರೈವರ್ ಅಂತಲೇ ಹೆಸರಿತ್ತು. ಎದುರಿಗೇ ಕರೆದರೂ ಬೇಜಾರು ಮಾಡಿಕೊಂಡವರಲ್ಲ. "ಗೂಬೆಗೆ ಆಕ್ಸಿಡೆಂಟ್ ಆಗಿದ್ದು ಎಲ್ಲಾದ್ರೂ ಕೇಳಿದೀಯಾ?" ಅಂತ ತಿರುಗಿ ಕೇಳುತ್ತಿದ್ದರು.

ಇನ್ನೊಂದು ಚಟ ಉಂಟು. ಯಾರಾದರೂ 'ರೈಟ್' ಅನ್ನದ ಹೊರತು ಅವರು ಜಾಗ ಬಿಟ್ಟು ಕದಲುವುದಿಲ್ಲ. ಕೆಲಸದಲ್ಲಿದ್ದಾಗ ಕಂಡಕ್ಟರ್ ಅನ್ನುತ್ತಿದ್ದ, ಸರಿ. ಕೆಲಸ ಬಿಟ್ಟ ಮೇಲೆ ಆ ಜವಾಬ್ದಾರಿ ನಮ್ಮಕ್ಕನ ತಲೆಗೆ ಬಂತು. ಮದುವೆಗೋ ಆಸ್ಪತ್ರೆಗೋ ಹೊರಡುವಾಗ ಭಾವ ಬಾಗಿಲಲ್ಲಿ ನಿಂತು ಅವಳ ಮುಖ ನೋಡುತ್ತಾರೆ. ಅವಳು ಬೀಗ, ಗ್ಯಾಸು, ಕಿಟಕಿ ಎಲ್ಲ ನೋಡಿಕೊಂಡು ಬಂದು "ರೈಟ್" ಅನ್ನಬೇಕು. ಆಗ ಮೆರವಣಿಗೆ ಮುಂದಕ್ಕೆ. ವೆಲ್ಡಿಂಗ್ ಕೆಲಸದವನಾದ ನನಗೆ, ಕಬ್ಬಿಣ ಕಾದಾಗಲೇ ಬಡಿಯಬೇಕು ಎಂದು ಕಲಿತವನಿಗೆ, ಆ ಬಾಗಿಲ ಬಳಿಯ ನಿಲುಗಡೆಯಷ್ಟು ಮೈ ಉರಿಸುವ ಸಂಗತಿ ಮತ್ತೊಂದಿಲ್ಲ.

ಅಕ್ಕನಿಗೆ ಸಕ್ಕರೆ ಕಾಯಿಲೆ. ದಿನಾ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಹೋದ ವರ್ಷ ಎಡಗಾಲಿನ ಒಂದು ಬೆರಳು ತೆಗೆದರು. ಚಪ್ಪಲಿಯೊಳಗೆ ಸಿಕ್ಕಿದ್ದ ಒಂದು ಹರಳು ಅವಳಿಗೆ ಗೊತ್ತೇ ಆಗದಂತೆ ದಿನವೆಲ್ಲಾ ಕೊರೆದಿತ್ತು. ಪಾದಕ್ಕೆ ಸ್ಪರ್ಶವೇ ಇರಲಿಲ್ಲ. ಅಂದಿನಿಂದ ಅವಳು ಮೆಟ್ಟುವ ಮೊದಲು ಅವಳ ಚಪ್ಪಲಿಯೊಳಗೆ ಭಾವನ ಕೈ ಹೋಗುತ್ತದೆ. ಟೈರಿಗೆ ಮೊಳೆ ನೆಟ್ಟಿದೆಯೇ ಎಂದು ಅಂಗೈಯಲ್ಲಿ ತಡವುತ್ತಿದ್ದರಲ್ಲ, ಅದೇ ಕೈ, ಅದೇ ತಡವುವಿಕೆ. ಬೀದಿಯ ಜನ ನೋಡುತ್ತಾರೆಂಬ ಸಂಕೋಚ ಅವರಿಗಿಲ್ಲ.

ಆಸ್ಪತ್ರೆಯಿಂದ ಬಂದ ದಿನ ಅಕ್ಕ ಅಂದಳು, "ನಂಗೆ ಹಿಮ ಮುಟ್ಟಬೇಕು. ಪಟದಲ್ಲಿ ನೋಡಿ ಸಾಕಾಗಿದೆ. ಕಾಲು ಇರೋವಾಗ್ಲೇ ಹೋಗಿ ಬರೋಣ." ಜನ್ಮವಿಡೀ ಊರವರನ್ನೆಲ್ಲ ಪ್ರವಾಸಕ್ಕೆ ಕರೆದುಕೊಂಡು ಹೋಗಿ, ಅವರು ಬೆಟ್ಟ ನೋಡುವಾಗ ತಾನು ಬಸ್ಸಿನ ಕೆಳಗೆ ಚಾಪೆ ಹಾಸಿ ಮಲಗಿದ ಗಂಡ, ಆ ಮಾತು ಕೇಳಿ, "ಆಯ್ತು. ಕರ್ಕೊಂಡು ಹೋಗಿ ಕರ್ಕೊಂಡು ಬರ್ತೀನಿ" ಅಂದರು. ಆ ಎರಡನೆಯ ಅರ್ಧದ ಮೇಲೆ ಎಷ್ಟು ಭಾರ ಹಾಕಿದ್ದರು ಅನ್ನುವುದು ಆಮೇಲೆ ತಿಳಿಯಿತು. ಹೊರದೇಶದ ಒಂದು ಬೆಟ್ಟದೂರಿಗೆ ಟಿಕೆಟ್ಟಾಯಿತು. ಸಾಮಾನು ಹೊರಲು ಒಬ್ಬ ಭಾಮೈದ ಬೇಕಿತ್ತು, ನಾನು ಹೋದೆ.

ಅವರ ಹಳೆಯ ಖಾಕಿ ಕೋಟೂ ಬಂತು. ಅದರ ಒಂದೊಂದು ಜೇಬಿಗೂ ಒಬ್ಬೊಬ್ಬ ಬಾಡಿಗೆದಾರ: ಒಂದರಲ್ಲಿ ಜ್ವರದ ಮಾತ್ರೆ, ಒಂದರಲ್ಲಿ ಭೇದಿಗೆ ಕಲಸಿ ಕುಡಿಯುವ ಉಪ್ಪು-ಸಕ್ಕರೆಯ ಪುಡಿ, ಎದೆಯ ಮೇಲಿನದರಲ್ಲಿ ಇನ್ಸುಲಿನ್, ಎಡಗಡೆಯದರಲ್ಲಿ ಅಕ್ಕನಿಗೆ ಸಕ್ಕರೆ ಇಳಿದರೆ ಕೊಡುವ ಪೆಪ್ಪರಮೆಂಟು. ಅದೇ ಔಷಧಿಯ ಇನ್ನೊಂದು ಜೊತೆ ನನ್ನ ಚೀಲದಲ್ಲಿ. ಯಾಕೆ ಎಂದರೆ, "ಸ್ಟೆಪ್ನಿನ ಬಸ್ಸಲ್ಲೇ ಬೇರೆ ಕಡೆ ಇಡಲ್ವೇನಯ್ಯ, ಚಕ್ರಕ್ಕೇ ಕಟ್ತಾರಾ?" ವಿಮಾನ ಹತ್ತುವಾಗ ಬಾಗಿಲಲ್ಲಿ ನಿಂತು ಪೈಲಟ್ಟಿನ ಕೋಣೆಯ ಕಡೆ ಇಣುಕಿದರು. ಯಾವ ವಾಹನವಾದರೂ ನಡೆಸುವವನ ಕಣ್ಣು ನೋಡಿ ನಿದ್ದೆಯಾಗಿದೆಯೇ ಎಂದು ತಿಳಿದುಕೊಂಡೇ ಅವರು ಹತ್ತುವುದು. ಗಗನಸಖಿ ನಯವಾಗಿ ಮುಂದಕ್ಕೆ ಕಳಿಸಿದಳು. ದಾರಿಯುದ್ದಕ್ಕೂ ಅವರಿಗೆ ಸಮಾಧಾನವಿರಲಿಲ್ಲ.

ಹೊರದೇಶಕ್ಕೆ ಹೋಗುವವರು ಅಲ್ಲಿಯ ಭಾಷೆಯಲ್ಲಿ 'ನಮಸ್ಕಾರ', 'ಎಷ್ಟು' ಅಂತ ಕಲಿತು ಹೋಗುತ್ತಾರೆ. ಭಾವ ಕಲಿತದ್ದು ಒಂದೇ ವಾಕ್ಯ, ಅದನ್ನು ಟಿಕೆಟ್ ಮಾಡಿಸಿಕೊಟ್ಟ ಹೆಣ್ಣುಮಗಳಿಂದ ಹೇಳಿಸಿಕೊಂಡದ್ದು: ನನ್ನ ಹೆಂಡತಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ತಗೊಂಡಿದ್ದಾಳೆ, ಡಾಕ್ಟರನ್ನು ಕರೆಯಿರಿ. ಹೋಟೆಲಿನಲ್ಲಿ ಕೋಣೆ ಗುಡಿಸುವ ಹೆಂಗಸಿನ ಮುಂದೆ ಅದನ್ನು ಒಪ್ಪಿಸಿದರು. ಅವಳು ಮೊದಲು ಗಾಬರಿಯಾಗಿ ಪೊರಕೆ ಬಿಟ್ಟು ಓಡಲು ಹೊರಟಳು. ಆಮೇಲೆ ಅರ್ಥವಾಗಿ, ನಕ್ಕು, ಉಚ್ಚಾರ ತಿದ್ದಿದಳು. ಅಲ್ಲಿಂದ ಬೆಳಿಗ್ಗೆ ಬೆಳಿಗ್ಗೆ ಪಾಠ.

"ಏನ್ರೀ, ಹೆಂಡ್ತಿ ಕಾಯಿಲೆನ ದಿನಾ ಡಂಗುರ ಹೊಡೀತಾನೆ ಅಂತ ಅವಳು ಏನ್ ತಿಳ್ಕೊಂಡಾಳು" ಅಂದಳು ಅಕ್ಕ.

"ತಿಳ್ಕೊಳ್ಳಲಿ. ಬೇಕಾದ ಹೊತ್ತಿಗೆ ನಾಲಿಗೆಗೆ ಬರ್ಬೇಕು, ಅಷ್ಟೇ."

ತಲುಪಿದ ದಿನ ಸಂಜೆ ನಾನು ಕಿಟಕಿಯಿಂದ ಬೆಟ್ಟ ನೋಡುತ್ತಿದ್ದೆ. ಊರು ಕಣಿವೆಯಲ್ಲಿ, ಬಿಸಿಲೂರು. ಮೇಲೆ ತುದಿಯಲ್ಲಿ ಮಾತ್ರ ಹಿಮ. ಭಾವ ಅಷ್ಟರಲ್ಲಿ ನಡೆದುಹೋಗಿ ಆಸ್ಪತ್ರೆ ಎಲ್ಲಿದೆ ಎಂದು ನೋಡಿಕೊಂಡು ಬಂದಿದ್ದರು. ಹೋಟೆಲಿನ ಎದುರಿನ ದೊಡ್ಡ ರಸ್ತೆ ದಾಟಿ, ಮೂಲೆ ತಿರುಗಿದರೆ ಸಿಕ್ಕಿತು. ಆಮೇಲೆ ಬಾಟಲಿಯ ಮುಚ್ಚಳ ತಮ್ಮೆದುರಿಗೇ ಒಡೆದ ನೀರು ಬಿಟ್ಟರೆ ಬೇರೆ ಕುಡಿಯಕೂಡದು, ಹಲ್ಲುಜ್ಜಲೂ ಅದೇ ಎಂದು ಕಟ್ಟಪ್ಪಣೆಯಾಯಿತು.

ಇಷ್ಟೆಲ್ಲ ಹುಷಾರಿನ ಮನುಷ್ಯ ಮಾರನೆಯ ದಿನ ಸಾಯುವುದರಲ್ಲಿದ್ದರು. ಅಲ್ಲಿ ಗಾಡಿಗಳು ರಸ್ತೆಯ ಬಲಬದಿಗೆ ಓಡುತ್ತವೆ, ನಮ್ಮಲ್ಲಿಯ ಹಾಗೆ ಎಡಕ್ಕಲ್ಲ. ಇದು ಭಾವನಿಗೆ ಗೊತ್ತಿತ್ತು, ನಮಗೂ ಹೇಳಿದ್ದರು. ಆದರೆ ಫುಟ್‌ಪಾತಿನ ಅಂಚಿಗೆ ಬಂದಾಗ ಕುತ್ತಿಗೆ ಇವರನ್ನು ಕೇಳಲಿಲ್ಲ, ಹಳೇ ರೂಢಿಯಂತೆ ಬಲಕ್ಕೆ ತಿರುಗಿತು, ರಸ್ತೆ ಖಾಲಿ ಕಂಡಿತು, ಕಾಲಿಗೆ ಅಪ್ಪಣೆ ಕೊಟ್ಟಿತು. ಎಡದಿಂದ ಬ್ರೆಡ್ಡಿನ ವ್ಯಾನೊಂದು ಬರುತ್ತಿತ್ತು. ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಛತ್ರಿಯ ಕೊಕ್ಕೆಯನ್ನು ಖಾಕಿ ಕೋಟಿನ ಕಾಲರಿಗೆ ಹಾಕಿ ಹಿಂದಕ್ಕೆ ಎಳೆದಳು, ಬಾವಿಗೆ ಬಿದ್ದ ಬಿಂದಿಗೆ ಎಳೆದ ಹಾಗೆ.

ಭಾವ ಬಿಳಿಚಿಕೊಂಡರು. ಒಂದು ಮಾತು ಅಂದರು: "ಇನ್ಮೇಲೆ ಈ ಕುತ್ತಿಗೆ ನಂಬೋ ಹಾಗಿಲ್ಲ."

ಬೇರೆಯವರಾಗಿದ್ದರೆ ಎದೆ ಸವರಿಕೊಂಡು ಮರೆಯುತ್ತಿದ್ದರು. ಇವರು ಮರುದಿನ ತಿಂಡಿಯಾದ ಕೂಡಲೇ ಆ ರಸ್ತೆಯ ಅಂಚಿನ ಬೆಂಚಿನ ಮೇಲೆ ಕೂತುಬಿಟ್ಟರು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಜೀವಮಾನದ ಅಭ್ಯಾಸವನ್ನು ಸ್ಕ್ರೂ ಬಿಚ್ಚಿ ತಿರುಗಿಸಿ ಕೂರಿಸುವ ಹಟ. ಬಿಸಿಲು ಏರಿದರೂ ಏಳಲಿಲ್ಲ. ನನಗೆ ರೇಗಿತು.

"ಜನ ಇಲ್ಲಿಗೆ ಬೆಟ್ಟ ನೋಡೋಕೆ ಬರ್ತಾರೆ ಭಾವ. ನೀವು ಜೀಬ್ರಾ ಪಟ್ಟೆ ನೋಡೋಕೆ ಬಂದಿದೀರಾ?"

"ಬೆಟ್ಟ ಎಲ್ಲೂ ಹೋಗಲ್ಲ. ನೀನು ಅಕ್ಕನ್ನ ಕರ್ಕೊಂಡು ಸುತ್ತಾಡಿ ಬಾ" ಅಂದರು, ತಿರುಗದೆ. ತಿರುಗಿದ್ದರೆ ಅಭ್ಯಾಸ ತಪ್ಪುತ್ತಿತ್ತು.

ನಾವು ಸುತ್ತಾಡಿದೆವು. ಪೇಟೆಯಲ್ಲಿ ಒಂದು ಹತಾರದ ಅಂಗಡಿ ಕಂಡು ನಾನು ಒಳಗೆ ಹೋಗಿ ಬರುವಷ್ಟರಲ್ಲಿ, ಅಕ್ಕ ಗಾಡಿಯವನ ಹತ್ತಿರ ನಿಂಬೆಹಣ್ಣಿನ ಪಾನಕ ಕುಡಿದು ಮುಗಿಸಿದ್ದಳು, ತುಂಬ ಐಸ್ ಹಾಕಿಸಿಕೊಂಡು, ಸಕ್ಕರೆ ಮಾತ್ರ ಬೇಡವೆಂದು ಕೈಸನ್ನೆಯಲ್ಲಿ ಹೇಳಿ. ತನ್ನ ಪಥ್ಯ ತಾನು ಬಿಟ್ಟಿಲ್ಲವೆಂಬ ಸಂತೋಷ ಅವಳ ಮುಖದಲ್ಲಿತ್ತು.

ಮಾರನೆಯ ಬೆಳಿಗ್ಗೆ ಬೆಟ್ಟಕ್ಕೆ ಹೊರಡಬೇಕಿತ್ತು. ಇನ್ಸುಲಿನ್ ಚುಚ್ಚಿಕೊಂಡಳು, ತಿಂಡಿ ತಿಂದಳು, ತಿಂದದ್ದನ್ನೆಲ್ಲ ವಾಂತಿ ಮಾಡಿದಳು. ಮತ್ತೆ ಮಾಡಿದಳು. ಪೆಪ್ಪರಮೆಂಟು ಬಾಯಲ್ಲಿ ನಿಲ್ಲಲಿಲ್ಲ. ಪುಡಿ ಕಲಸಿದ ನೀರೂ ಹೊರಗೆ ಬಂತು.

"ಏನ್ ಕುಡಿದೆ ನಿನ್ನೆ?" ಭಾವ ಮೆಲ್ಲಗೆ ಕೇಳಿದರು.

"ನೀರು ಕುಡೀಬೇಡ ಅಂದಿದ್ರಿ, ಕುಡೀಲಿಲ್ಲ. ಐಸ್ ಬೇಡ ಅಂತ ಯಾರೂ ಹೇಳಿರ್ಲಿಲ್ಲ."

ಹಿಮ ಮುಟ್ಟಲು ಬಂದವಳನ್ನು ಐಸು ಮುಟ್ಟಿತ್ತು. ಸ್ವಲ್ಪ ಹೊತ್ತಿಗೆ ಅವಳ ಮೈ ಬೆವರಿ ಕೈ ನಡುಗತೊಡಗಿತು. ನನ್ನ ಮುಖ ನೋಡಿ "ಅಪ್ಪ, ಯಾವಾಗ ಬಂದ್ರಿ?" ಅಂದಳು. ನಮ್ಮಪ್ಪ ಹೋಗಿ ಎಷ್ಟೋ ಕಾಲವಾಯಿತು.

ಭಾವ ಒಂದಿಷ್ಟು ಸಕ್ಕರೆಯನ್ನು ಅವಳ ಕೆನ್ನೆಯ ಒಳಬದಿಗೆ ಸವರುತ್ತ, ನನ್ನನ್ನು ಕೆಳಗೆ ಓಡಿಸಿದರು. ಆಂಬುಲೆನ್ಸ್ ಊರಾಚೆಯಿಂದ ಸುತ್ತಿ ಬರಬೇಕೆಂದು ಹೋಟೆಲಿನ ಗುಮಾಸ್ತ ಕೈ ಸುತ್ತಿಸಿ ತೋರಿಸಿದ. ಅವನು ಮೇಜಿನ ಹಿಂದೆ ಕೂರುವ ಚಕ್ರದ ಕುರ್ಚಿಯನ್ನೇ ಕಿತ್ತುಕೊಂಡು ಬಂದೆ. ಅದರ ಮೇಲೆ ಅಕ್ಕನನ್ನು ಕೂರಿಸಿ, ಪಂಚೆಯಿಂದ ಬಿಗಿದು ಕಟ್ಟಿ, ಇಬ್ಬರೂ ರಸ್ತೆಗೆ ತಂದೆವು. ಆಸ್ಪತ್ರೆಯ ಮೂಲೆ ಅಲ್ಲೇ ಕಾಣುತ್ತಿತ್ತು. ದಾಟುವವರಿಗೆ ಕೆಂಪು ದೀಪ. ನಮ್ಮೂರಿನಲ್ಲಿ ನಾವು ಕೈ ಅಡ್ಡ ಹಿಡಿದರೆ ಲಾರಿ ನಿಲ್ಲುತ್ತದೆ. ಅದೇ ಧೈರ್ಯದಲ್ಲಿ ಬಲಕ್ಕೆ ಕೈ ಚಾಚಿ ರಸ್ತೆಗೆ ನುಗ್ಗಿದೆ. ನನ್ನ ಅಂಗಿಯ ಬೆನ್ನು ಹಿಡಿದು ಯಾರೋ ಜಗ್ಗಿದರು. ಎಡದಿಂದ ಬಂದ ಬಸ್ಸು ನನ್ನ ಮೂಗಿನ ಮುಂದೆ ಗಾಳಿ ಬೀಸಿ ಹೋಯಿತು. ಒಂದು ಕೈಯಲ್ಲಿ ಕುರ್ಚಿ, ಒಂದು ಕೈಯಲ್ಲಿ ನನ್ನ ಅಂಗಿ, ಭಾವ ನಿಂತಿದ್ದರು. ಅವರ ಕುತ್ತಿಗೆ ಎಡಕ್ಕೆ ತಿರುಗಿತ್ತು.

"ಅಕ್ಕ ಕೈಬಿಟ್ಟು ಹೋಗ್ತಿದ್ದಾಳೆ, ನೀವು ದೀಪ ನೋಡ್ಕೊಂಡು ನಿಂತಿದೀರಲ್ಲ ಭಾವ."

"ಮೂರು ಜನಾನೂ ಹೋಗೋದು ಬೇಡ. ನಿಲ್ಲು."

ಅವರ ದವಡೆ ಅದುರುತ್ತಿತ್ತು. ಪೆಟ್ಟು ತಿಂದವರ ಹಾಗೆ ಕಣ್ಣು ಕೆಂಪಾಗಿತ್ತು. ಆದರೂ ಕಾಲು ಅಂಚಿನಿಂದ ಕೂದಲೆಳೆಯಷ್ಟೂ ಮುಂದೆ ಬರಲಿಲ್ಲ. ದೀಪ ಹಸಿರಾಯಿತು. ಆಗ ಓಡಿದರು ನೋಡಿ, ನಾನು ಹಿಂದೆ ಬಿದ್ದೆ. ಒಳಗೆ ಮೇಜಿನ ಹತ್ತಿರ ನಿಂತು, ಏದುಸಿರಿನಲ್ಲೂ ಒಂದಕ್ಷರ ಮುಕ್ಕಾಗದಂತೆ ಆ ವಾಕ್ಯ ಹೇಳಿದರು. ನರ್ಸಮ್ಮ ಎರಡನೇ ಸಲ ಕೇಳಲಿಲ್ಲ. ಕುರ್ಚಿ ಒಳಗೆ ಹೋಯಿತು, ಬೆರಳಿಗೆ ಸೂಜಿ ಬಿತ್ತು, ತೋಳಿಗೆ ಡ್ರಿಪ್ ಏರಿತು. ಮಧ್ಯಾಹ್ನದ ಹೊತ್ತಿಗೆ ಅಕ್ಕ ಕಣ್ಣು ಬಿಟ್ಟು, "ನನ್ನ ಚಪ್ಪಲಿ ಎಲ್ಲಿ? ಇಲ್ಲಿ ಯಾರಾದ್ರೂ ಹೊಡ್ಕೊಂಡು ಹೋದಾರು" ಅಂದಳು. ಭಾವ ಗೋಡೆಯ ಕಡೆ ತಿರುಗಿ ಕೋಟಿನ ಗುಂಡಿಗಳನ್ನು ಬಿಚ್ಚಿ ಹಾಕಿ, ಬಿಚ್ಚಿ ಹಾಕಿ ಮಾಡಿದರು.

ಸಾಕು, ಗಂಟುಮೂಟೆ ಕಟ್ಟೋಣ ಎಂದೆ ನಾನು. ಈ ಮಾತಿಗೆ ಮೊದಲು ಒಪ್ಪುವವರು ಭಾವನೇ ಎಂದು ನನ್ನ ಎಣಿಕೆ. ಅವರು ಅಡ್ಡಡ್ಡ ತಲೆಯಾಡಿಸಿದರು.

"ಡಾಕ್ಟರು ಎಷ್ಟು ದಿನ ಮಲಗು ಅಂತಾರೋ ಅಷ್ಟು ದಿನ ಮಲಗ್ತಾಳೆ. ಎದ್ದ ಮೇಲೆ ಅವರನ್ನ ಕೇಳ್ತೀನಿ. ಹೋಗಬಹುದು ಅಂದ್ರೆ ಹೋಗ್ತೀವಿ."

"ನಿಮಗೆ ಬುದ್ಧಿ ನೆಟ್ಟಗಿದೆಯಾ? ಇಷ್ಟೆಲ್ಲ ಹುಷಾರು ಹುಷಾರು ಅಂದವರು ನೀವೇ ತಾನೆ?"

"ಹುಷಾರಾಗಿರೋದೇ ಕೆಲ್ಸ ಆಗಿದ್ರೆ ಮನೇಲಿ ಮಂಚದ ಮೇಲೆ ಇರ್ತಿದ್ವಿ ಕಣಯ್ಯ. ನಾನು ಹುಷಾರಾಗಿದ್ದಿದ್ದು ಇವಳು ಹಿಮ ಮುಟ್ಟಲಿ ಅಂತ."

ಅಕ್ಕ ಮಂಚದಿಂದ ನನ್ನನ್ನು ನೋಡಿ ನಕ್ಕಳು. "ಇವರ ಹತ್ರ ವಾದ ಮಾಡ್ಬೇಡ. ಬಸ್ಸು ಒಂದ್ಸಲ ಸ್ಟ್ಯಾಂಡ್ ಬಿಟ್ಟರೆ ಊರು ಮುಟ್ಟಿಸಿಯೇ ಬಿಡೋದು."

ಡಾಕ್ಟರು ಫೋನಿನಲ್ಲಿ ಅನುವಾದ ಮಾಡಿಸಿ, ಹೋಗಬಹುದು, ಬೆಚ್ಚಗಿರಲಿ, ಬೇಗ ಇಳಿಯಿರಿ ಅಂದರು. ತಂತಿಯ ಮೇಲೆ ತೂಗುತ್ತಾ ಹೋಗುವ ರೋಪ್‌ವೇ ಪೆಟ್ಟಿಗೆಯ ಬಾಗಿಲಲ್ಲಿ ಭಾವ ಅದನ್ನು ನಡೆಸುವವನ ಕಣ್ಣನ್ನು ಚೆನ್ನಾಗಿ ನೋಡಿದರು. ಆತ ನಾಚಿ ಟೋಪಿ ಸರಿಮಾಡಿಕೊಂಡ. ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಟ್ಟಿತೆಂದು ಅದನ್ನು ಕೋಟಿನಿಂದ ತೆಗೆದು ಬನಿಯನ್ನಿನೊಳಗೆ ಎದೆಗೆ ಒತ್ತಿ ಇಟ್ಟುಕೊಂಡಿದ್ದರು. ಮೇಲೆ, ನಾವು ಇಳಿದ ಕಟ್ಟೆಯ ಆಚೆ ಬರೀ ಬಿಳುಪು, ಕಣ್ಣು ಚುಚ್ಚುವಷ್ಟು. ಅಕ್ಕ ಮೆಟ್ಟಿಲ ಮೇಲೆ ಕೂತಳು. ಭಾವ ಮಂಡಿಯೂರಿ ಅವಳ ಬೂಟು ಬಿಚ್ಚಿ, ಒಳಗೆ ಕೈ ಹಾಕಿ, ತುದಿಯವರೆಗೂ ತಡವಿ, ಉಣ್ಣೆಯ ಕಾಲುಚೀಲದ ಮಡಿಕೆ ನೀವಿ, ಮತ್ತೆ ತೊಡಿಸಿದರು. ಜನ ಬಳಸಿಕೊಂಡು ಹೋಗುತ್ತಿದ್ದರು. ಯಾರದೋ ಕೆಮ್ಮಿನಲ್ಲಿ ಅವಸರವಿತ್ತು.

ಎದ್ದು ನಿಂತು, ಅವಳ ಕೈ ಹಿಡಿದು, ಹಿಮದ ಅಂಚಿನಲ್ಲಿ ಭಾವ ನಿಂತರು. ಎಡಕ್ಕೆ ನೋಡಿದರು, ಬಲಕ್ಕೆ, ಮತ್ತೆ ಎಡಕ್ಕೆ. ಆಮೇಲೆ ಅಕ್ಕನ ಮುಖ ನೋಡಿದರು. ನಾನೂ ಬಾಯಿ ಮುಚ್ಚಿಕೊಂಡು ಕಾದೆ.

"ರೈಟ್" ಅಂದಳು ಅಕ್ಕ.

ಇಂಥವರನ್ನು ಲೋಕ ಪುಕ್ಕಲರ ಸಾಲಿಗೆ ಸೇರಿಸಿಬಿಡುತ್ತದೆ. ಪುಕ್ಕಲನಿಗೂ ಇವರಿಗೂ ಬಹಳ ಅಂತರವಿದೆ. ಪುಕ್ಕಲ ತನ್ನ ಚರ್ಮಕ್ಕೆ ಹೆದರಿ ಮನೆ ಬಿಡುವುದಿಲ್ಲ. ಇವರು ಇನ್ನೊಬ್ಬರ ಆಸೆಯನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊರಡುವವರು, ಅದಕ್ಕೇ ಹೆಜ್ಜೆ ಹೆಜ್ಜೆಗೂ ನೆಲ ತಡವುತ್ತಾರೆ. ಅವರ ಮುನ್ನೆಚ್ಚರಿಕೆಯಲ್ಲಿ ಅಂದವಿಲ್ಲ, ವೇಗವಿಲ್ಲ, ನೋಡುವವರಿಗೆ ನಗು ಬರುತ್ತದೆ, ಜೊತೆಗಿದ್ದವರಿಗೆ ತಲೆ ಚಿಟ್ಟು ಹಿಡಿಯುತ್ತದೆ. ಅವರ ಜೊತೆ ಒಂದು ದಿನ ಪ್ರಯಾಣ ಮಾಡುವುದು ನನ್ನಂಥವನಿಗೆ ಇವತ್ತಿಗೂ ಶಿಕ್ಷೆಯೇ. ಆದರೆ ನನ್ನವರು ಅನ್ನುವವರು ಯಾರಾದರೂ ದೂರದ ಊರಿಗೆ ಹೊರಟು ಬಸ್ಸು ಹತ್ತಿದರೆ, ನಾನೀಗ ಕಿಟಕಿಗೆ ಕೈ ಬೀಸುವ ಮೊದಲು ಮುಂದಕ್ಕೆ ಹೋಗಿ, ಸ್ಟಿಯರಿಂಗಿನ ಹಿಂದೆ ಕೂತವನ ಕುತ್ತಿಗೆ ಹೇಗಿದೆ ಎಂದು ನೋಡಿ ಬರುತ್ತೇನೆ.