ನೀರಿನಂಚಿನ ಇಪ್ಪತ್ತು ಅಡಿ

ಲಕೋಟೆ ಒಡೆದು ನಾಲ್ಕನೆಯ ಹಾಳೆ ತಿರುಗಿಸಿದ ಆರಿನ್ ಟ್ಯಾಕೆಟ್‌ನ ಕೈ ಅಲ್ಲೇ ನಿಂತಿತು. ಹಾಳೆಯ ತುಂಬ ಒಂದು ಮರದ ಚಿತ್ರ. ಅದರ ಸುತ್ತ ಯಾರೋ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದರು. ಕೆಳಗೆ 'ಏಳನೆಯ ಕೆರೆಯ ದಂಡೆ, ಅನುಮತಿಯಿಲ್ಲದ ಗಿಡ, ತೆರವಿಗೆ ಶಿಫಾರಸು' ಎಂದಿತ್ತು. ಚಿತ್ರ ನೋಡುವ ಅಗತ್ಯವೇ ಅವನಿಗಿರಲಿಲ್ಲ. ಆ ಬೆಣ್ಣೆಹಣ್ಣಿನ ಮರ ಅವನ ಹಿತ್ತಲ ಕಿಟಕಿಯಿಂದಲೇ ಕಾಣುತ್ತಿತ್ತು.

"ಅಯ್ಯೋ ದೇವರೇ," ಎಂದ.

"ಏನಾಯ್ತೋ?" ಅಡುಗೆಮನೆಯಿಂದ ಲವಾನ್ ಕೇಳಿದಳು. ಕೇಳಿದವಳೇ ನಾಲಿಗೆ ಕಚ್ಚಿಕೊಂಡಳು. "ಹೇಳ್ಬೇಡ, ಹೇಳ್ಬೇಡ! ಆ ಲಕೋಟೆದಾ? ಹಾಗಾದ್ರೆ ಬಾಯಿ ಮುಚ್ಕೊಂಡು ವರಾಂಡಕ್ಕೆ ಹೋಗಿ ಓದ್ಕೋ. ನನ್ನದು ನಾನು ಇಲ್ಲೇ ಓದ್ತೀನಿ."

ಟಪೆಲೊ ಬೆಂಡ್ ಸಮುದಾಯ ಅಭಿವೃದ್ಧಿ ಜಿಲ್ಲೆಯ ಮಂಡಳಿಯ ಐವರು ಮೇಲ್ವಿಚಾರಕರಲ್ಲಿ ಇಬ್ಬರು ಈ ಒಂದೇ ಮನೆಯವರು. ಜಿಲ್ಲೆ ಎಂದರೆ ದೊಡ್ಡದೇನೋ ಎಂದುಕೊಳ್ಳಬೇಡಿ. ಆರುನೂರು ಮನೆ, ಹನ್ನೊಂದು ಕೆರೆ, ಬೀದಿದೀಪ, ಚರಂಡಿ, ಹುಲ್ಲು, ಇಷ್ಟೇ ಸಾಮ್ರಾಜ್ಯ. ಪೊಲೀಸರನ್ನು ಕಳಿಸುವ ಹಾಗಿಲ್ಲ, ಮನೆಗೆ ಯಾವ ಬಣ್ಣ ಬಳಿಯಬೇಕೆಂದು ಹೇಳುವ ಹಾಗಿಲ್ಲ. ಕಾನೂನು ಎಣಿಸಿ ಕೊಟ್ಟ ಅಧಿಕಾರಗಳನ್ನು ಬಿಟ್ಟರೆ ಒಂದು ಹೊಸ ಬೆಂಚು ಹಾಕುವುದಕ್ಕೂ ವಕೀಲರ ಮುಖ ನೋಡಬೇಕು. ಆದರೆ ಸಾರ್ವಜನಿಕ ಕೆಲಸವೆಲ್ಲ ಬಯಲಲ್ಲೇ ನಡೆಯಬೇಕೆನ್ನುವ ಫ್ಲಾರಿಡಾದ 'ಬಿಸಿಲಿನ ಕಾನೂನು' ಮಾತ್ರ ಸಾಮ್ರಾಜ್ಯ ದೊಡ್ಡದೋ ಸಣ್ಣದೋ ನೋಡುವುದಿಲ್ಲ. ಒಂದೇ ಮಂಡಳಿಯ ಇಬ್ಬರು ಸದಸ್ಯರು ಮಂಡಳಿಯ ವಿಷಯವನ್ನು ಸಭೆಯ ಹೊರಗೆ ಮಾತಾಡಿದರೆ ಅಪರಾಧ. ಗಂಡ ಹೆಂಡತಿಯಾದರೂ ಅಷ್ಟೆ, ಒಂದೇ ಹಾಸಿಗೆಯಾದರೂ ಅಷ್ಟೆ.

ಹಾಗಾಗಿ ಪ್ರತಿ ತಿಂಗಳು ಆ ಮನೆಗೆ ಸಭೆಯ ಕಾಗದಗಳ ಎರಡು ಲಕೋಟೆ ಬರುತ್ತಿದ್ದವು, ಎರಡು ಮೂಲೆಯಲ್ಲಿ ಎರಡು ಕನ್ನಡಕಗಳು ಅವನ್ನು ಓದುತ್ತಿದ್ದವು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರ ಮೌನ ಮಾತ್ರ ಉಂಡು ಮಲಗಿ ಎದ್ದರೂ ಮುಗಿಯುತ್ತಿರಲಿಲ್ಲ. ಲವಾನ್ ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವಳು. ಚಾಲಕರ ಹಿಂದಿನ ಹಳದಿ ಗೆರೆ ದಾಟಿ ಒಂದು ಹೆಜ್ಜೆ ಮುಂದೆ ನಿಂತ ಮಗುವಿಗಾಗಿ ಇಡೀ ಬಸ್ಸು ನಿಲ್ಲಿಸುತ್ತಿದ್ದವಳು. ಮಂಡಳಿಯ ಅಧ್ಯಕ್ಷತೆಯನ್ನೂ ಅದೇ ಬಿಗಿಯಲ್ಲಿ ಓಡಿಸುತ್ತಿದ್ದಳು.

ಆರಿನ್ ವರಾಂಡಕ್ಕೆ ಹೋಗಿ ಆ ಹಾಳೆಯನ್ನೇ ಮತ್ತೆ ತೆರೆದ. ಹನ್ನೊಂದು ವರ್ಷದ ಹಿಂದೆ ಪಕ್ಕದ ಮನೆಯ ಎಲಿಸಿಯೊ, ಗಾಜಿನ ಲೋಟದಲ್ಲಿ ಮೊಳಕೆಯೊಡೆದ ಒಂದು ಬೀಜ ಹಿಡಿದುಕೊಂಡು ಬಂದು "ನಮ್ಮ ಜಾಗ ಎಲ್ಲೀ ತನಕ ಮಾರಾಯ?" ಎಂದು ಕೇಳಿದ್ದ. ಆರಿನ್ ಯೋಚನೆಯನ್ನೂ ಮಾಡದೆ ಕೈ ಬೀಸಿ "ನೀರಿನ ತನಕ ನಿಂದೇ ಕಣೋ" ಎಂದಿದ್ದ. ಕೆರೆಯಂಚಿನ ಮನೆಗಳವರೆಲ್ಲ ಹಾಗೇ ತಿಳಿದಿದ್ದರು. ನೀರಿನಿಂದ ಈಚೆ ಇಪ್ಪತ್ತು ಅಡಿ ಜಿಲ್ಲೆಯದು ಎಂಬುದು ಮನೆಪತ್ರದ ಹಿಂದಿನ ನಕ್ಷೆಯಲ್ಲಿತ್ತು. ನಕ್ಷೆ ನೋಡಿ ಮನೆ ಕೊಂಡವರು ಎಲ್ಲಿದ್ದಾರೆ! ಮೇಲ್ವಿಚಾರಕನಾದ ಮೇಲಷ್ಟೇ ಆರಿನ್‌ಗೆ ಅದು ಗೊತ್ತಾಗಿದ್ದು. ಗೊತ್ತಾದ ದಿನ ಮನೆಗೆ ಬಂದು ಕಿಟಕಿಯ ಪರದೆ ಎಳೆದಿದ್ದ.

ಮಧ್ಯಾಹ್ನ ಅವನು ಬೇಲಿಯ ಪಕ್ಕದ ಸಂದಿಯಿಂದ ಎಲಿಸಿಯೊನ ಹೆಂಡತಿ ಒಡಾಲಿಸ್ ಮನೆಗೆ ಹೋದ. ಮಂಡಳಿಯವರು ಊರವರೊಡನೆ ಮಾತಾಡಬಹುದು, ತಮ್ಮತಮ್ಮೊಳಗೆ ಮಾತ್ರ ಕೂಡದು. ಒಡಾಲಿಸ್‌ಗೂ ಕಾಗದ ಬಂದಿತ್ತು. ಅದನ್ನು ಸಕ್ಕರೆ ಡಬ್ಬಿಯ ಕೆಳಗೆ ಇಟ್ಟು, ಬೆರಳುದ್ದದ ಲೋಟದಲ್ಲಿ ಕಪ್ಪು ಕಾಫಿ ಕೊಟ್ಟಳು.

"ಹುಲ್ಲು ಕತ್ತರಿಸೋ ಗಾಡಿಗೆ ಅಡ್ಡ ಬರುತ್ತಂತೆ," ಎಂದಳು. "ಹನ್ನೊಂದು ವರ್ಷ ಸುತ್ಕೊಂಡು ಹೋದವನಿಗೆ ಈಗ ತಲೆ ತಿರುಗಿತಾ?"

"ಹೊಸ ಗುತ್ತಿಗೆದಾರ ಬಂದಿದಾನೆ. ಒಡಾಲಿಸ್, ತಪ್ಪು ನಂದು. ನೀರಿನ ತನಕ ಅಂತ ಅವತ್ತು ಹೇಳಿದ್ದು ನಾನೇ."

"ನೀನು ಹೇಳದಿದ್ರೂ ಅವನು ಅಲ್ಲೇ ನೆಡ್ತಿದ್ದ. ಯಾರ ಮಾತು ಕೇಳ್ತಿದ್ದ ಅವನು?" ಅವಳು ನಕ್ಕಳು. ನಗು ಅರ್ಧಕ್ಕೇ ನಿಂತಿತು. "ಮರ ಹೋದ್ರೆ ಹೋಗ್ಲಿ ಅಂತ ಹೇಳೋಣ ಅಂತಿದ್ದೆ. ಬೇರು ಸಮೇತ ಯಂತ್ರದಲ್ಲಿ ಎತ್ತಿ ತೆಗೀತಾರಂತೆ ಆರಿನ್. ಕಾಗದದಲ್ಲಿ ಹಾಗೇ ಬರೆದಿದೆ."

ನಾಲ್ಕು ವರ್ಷದ ಹಿಂದೆ ಒಂದು ಫೆಬ್ರವರಿಯ ಬೆಳಿಗ್ಗೆ ಆರಿನ್ ಆ ಬುಡದಲ್ಲಿ ಗುಂಡಿ ತೋಡಿದ್ದ. ಒಡಾಲಿಸ್ ಬಿಸ್ಕತ್ತಿನ ತಗಡಿನ ಡಬ್ಬಿಯಿಂದ ಎಲಿಸಿಯೊನ ಬೂದಿಯನ್ನು ನಿಧಾನವಾಗಿ ಸುರಿದಿದ್ದಳು. ಆ ಮರದ ಒಂದು ಹಣ್ಣನ್ನೂ ಅವನು ತಿನ್ನಲಿಲ್ಲ. ಅವನು ಹೋಗಿ ಎರಡು ವರ್ಷವಾದ ಮೇಲೆ ಮರ ಮೊದಲ ಸಲ ಬಿಟ್ಟಿತು. ಬೂದಿಯ ವಿಷಯ ಮೂರನೆಯವರಿಗೆ ಗೊತ್ತಿಲ್ಲ ಎಂದೇ ಇಬ್ಬರೂ ತಿಳಿದಿದ್ದರು.

"ಸಭೇಲಿ ಅದನ್ನ ಹೇಳ್ಬೇಡ," ಎಂದಳು. "ಹೇಳಿದ್ರೆ ಅದಕ್ಕೆ ಇನ್ನೊಂದು ಕಾನೂನು ತೆಗೀತಾರೆ. ಲವಾನ್ ಏನಂತಾಳೆ?"

"ಕೇಳೋ ಹಾಗಿಲ್ಲ."

"ಅಯ್ಯೋ, ನಲವತ್ತು ವರ್ಷದಿಂದ ಒಟ್ಟಿಗೆ ಮಲಗ್ತೀರಿ!"

"ಮಲಗ್ತೀವಿ. ಗೋಡೆ ಕಡೆ ಮುಖ ಮಾಡಿ ಮಲಗ್ತೀವಿ."

ಸಭೆಗೆ ಉಳಿದ ಆ ಒಂಬತ್ತು ದಿನ ಆರಿನ್‌ಗೆ ಕಷ್ಟವೇ ಆಯಿತು. ತಿಂಡಿಯ ಹೊತ್ತಿಗೆ ಲವಾನ್ ಬನ್ನಿನಂಥ ಮೆತ್ತನೆ ಬಿಸ್ಕಿಟಿನ ಮೇಲೆ ಗ್ರೇವಿ ಸುರಿಯುತ್ತ ಕಿಟಕಿಯಾಚೆ ನೋಡುತ್ತಿದ್ದಳು. ಅವಳು ಮರ ನೋಡುತ್ತಿದ್ದಾಳೋ ಕೆರೆಯಂಚಿನಲ್ಲಿ ನಡೆಯುವ ಕೊಕ್ಕರೆ ನೋಡುತ್ತಿದ್ದಾಳೋ ಅವನಿಗೆ ಹೊಳೆಯುತ್ತಿರಲಿಲ್ಲ. ಒಮ್ಮೆ "ಆ ಮರದಲ್ಲಿ..." ಎಂದು ಬಾಯಿ ತೆರೆದ. ಅವಳು ಚಮಚ ಎತ್ತಿ ತೋರಿಸಿದಳು. ಹೋದ ವರ್ಷ ಇದೇ ದಂಡೆಯ ಮೇಲೆ ಒಬ್ಬರು ಕಟ್ಟಿದ ಮೀನು ಹಿಡಿಯುವ ಕಟ್ಟೆಯನ್ನು ಕೀಳಿಸಿದ್ದು ಅವಳದೇ ಮತ. ಆ ಮನುಷ್ಯ ಅತ್ತಿದ್ದ. ಮನೆಗೆ ಬಂದು ಅವಳೂ ಅತ್ತಿದ್ದಳು. ಆದರೂ ಮತ ಬದಲಿಸಿರಲಿಲ್ಲ.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಕ್ಲಬ್‌ಹೌಸಿನಲ್ಲಿ ಸಭೆ ಸೇರಿತು. ಬಾವುಟಕ್ಕೆ ವಂದನೆಯಾಯಿತು. ಲವಾನ್ ಮಧ್ಯದಲ್ಲಿ, ಆರಿನ್ ಎಡಗಡೆಯ ಕೊನೆಯಲ್ಲಿ. ಅವನ ಪಕ್ಕದ ಡ್ವೇನ್ ಪ್ಲಟ್, ಹುಲ್ಲು ಒಂದು ಅಂಗುಲ ಹೆಚ್ಚು ಬೆಳೆದರೆ ಫೋಟೊ ತೆಗೆಯುವ ಆಸಾಮಿ. ಉಳಿದಿಬ್ಬರಲ್ಲಿ ಮುದುಕಿ ಹೆಸ್ಟರ್‌ಗೆ ಕಿವಿ ಕೇಳಿಸುತ್ತಿರಲಿಲ್ಲ, ನಿವೃತ್ತ ದಂತವೈದ್ಯ ಬ್ರೂಮ್ ಕೇಳಿಸಿದರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಎದುರಿಗೆ ಜಿಲ್ಲೆಯ ವಕೀಲೆ ಕಿಟ್ರಿಜ್ ಕಾನೂನಿನ ಪುಸ್ತಕ ತೆರೆದು ಕುಳಿತಿದ್ದಳು.

ಒಡಾಲಿಸ್ ಇಸ್ತ್ರಿ ಮಾಡಿದ ನೀಲಿ ಅಂಗಿ ತೊಟ್ಟು ಬಂದಿದ್ದಳು. ಊರವರಿಗೆ ಮೂರು ನಿಮಿಷ ಮಾತು. ಅವಳು ಅರ್ಧ ನಿಮಿಷವೂ ತೆಗೆದುಕೊಳ್ಳಲಿಲ್ಲ.

"ಮರ ನನ್ನ ಗಂಡ ನೆಟ್ಟಿದ್ದು. ಜಾಗ ನಮ್ಮದಲ್ಲ ಅಂತ ಗೊತ್ತಿರಲಿಲ್ಲ. ಗೊತ್ತಿರ್ಬೇಕಿತ್ತು, ತಪ್ಪು ನಮ್ಮದೇ," ಎಂದು ಕುಳಿತಳು.

"ಅವರದಲ್ಲ," ಎಂದ ಆರಿನ್. "ನೀರಿನ ತನಕ ನಿಂದೇ ಅಂತ ಎಲಿಸಿಯೊಗೆ ಹೇಳಿದವನು ನಾನು. ಇದನ್ನ ದಾಖಲೆಗೆ ಬರ್ಕೊಳ್ಳಿ."

ಲವಾನ್ ಅವನತ್ತ ತಿರುಗಲೂ ಇಲ್ಲ. "ಬರ್ಕೊಳ್ಳಿ," ಎಂದಳು ಅಷ್ಟೆ.

"ಯಾರು ಹೇಳಿದ್ರೇನು ಸ್ವಾಮಿ," ಎಂದ ಡ್ವೇನ್. "ಇವತ್ತು ಒಂದು ಮರ ಬಿಟ್ರೆ ನಾಳೆ ನಲವತ್ತು ಮನೆಯವ್ರು ತೋಟ ಮಾಡ್ತಾರೆ. ಮೇಡಂ, ಬಿಡೋ ಅಧಿಕಾರ ನಮಗಿದೆಯಾ?"

"ಇಲ್ಲ," ಎಂದಳು ವಕೀಲೆ. "ಸಾರ್ವಜನಿಕ ಜಾಗದಲ್ಲಿ ಒಬ್ಬರ ಸ್ವಂತ ಮರ ಇರೋದಕ್ಕೆ ಜಿಲ್ಲೆ ಬಿಡೋ ಹಾಗಿಲ್ಲ. ಆ ಜಾಗ ಅವರಿಗೆ ಕೊಡೋ ಹಾಗೂ ಇಲ್ಲ. ಕಾನೂನಲ್ಲಿ ಬರೆದಿರೋದಷ್ಟೇ ನಿಮ್ಮ ಅಧಿಕಾರ."

ಒಡಾಲಿಸ್ ಕೈಚೀಲದ ಹಿಡಿ ಬಿಗಿಯಾಗಿ ಹಿಡಿದಳು. ಆರಿನ್‌ಗೆ ಅವಳ ಮುಖ ನೋಡಲಾಗಲಿಲ್ಲ. ಆಗ ಲವಾನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಮೇಡಂ, ಬರೆದಿರೋದನ್ನೇ ಕೇಳ್ತೀನಿ. ಜಿಲ್ಲೆ ತನ್ನ ಜಾಗದಲ್ಲಿ ಮರ ನೆಡಬಹುದಾ?"

"ನೆಡಬಹುದು."

"ನೆಟ್ಟ ಮರ ಸಾಕಬಹುದಾ?"

"ಸಾಕಬಹುದು."

"ಯಾರಾದ್ರೂ ಒಂದು ಮರ ಕೊಟ್ರೆ?"

ವಕೀಲೆ ಪುಟ ತಿರುಗಿಸಿದಳು, ಹಿಂದಕ್ಕೆ ತಿರುಗಿಸಿದಳು. "ದಾನ ತಗೋಬಹುದು. ಜಿಲ್ಲೆ ಎಂಜಿನಿಯರ್ ನೋಡಿದಾರೆ, ಚರಂಡಿ ಪೈಪು ದೂರದಲ್ಲಿದೆ, ಬೇರಿಂದ ತೊಂದ್ರೆ ಇಲ್ಲ. ಆದ್ರೆ ಕೊಟ್ಟ ಮೇಲೆ ಕೊಟ್ಟಿದ್ದೇ." ಅವಳು ಒಡಾಲಿಸ್‌ಳತ್ತ ತಿರುಗಿದಳು. ದನಿ ಮೆತ್ತಗಾಯಿತು. "ಅಮ್ಮ, ಆಮೇಲೆ ಅದು ನಿಮ್ಮ ಮರ ಅಲ್ಲ. ಹಣ್ಣು ಯಾರು ಬೇಕಾದ್ರೂ ಕೀಳ್ತಾರೆ. ಅದರ ಕೆಳಗೆ ನಿಮ್ಮದು ಅಂತ ಒಂದು ಕುಂಡ, ಒಂದು ಕುರ್ಚಿ, ಒಂದು ಹೂವೂ ಬಿಟ್ಟು ಬರೋ ಹಾಗಿಲ್ಲ. ಯಾವ ಹಕ್ಕೂ ಇಲ್ಲ ಅಂತ ಸಹಿ ಹಾಕ್ಬೇಕು."

ಒಡಾಲಿಸ್ ಎದ್ದು ನಿಂತಳು.

"ಬೇರು?" ಎಂದಳು.

"ಬೇರೂ ಜಿಲ್ಲೆದೇ ಆಗುತ್ತೆ."

"ಅದಲ್ಲ. ಬೇರು ಅಲ್ಲೇ ಇರುತ್ತಾ? ಯಾರೂ ಅಗೆಯಲ್ವಾ?"

"ಮರ ಚೆನ್ನಾಗಿರೋ ತನಕ ಯಾಕೆ ಅಗೀತಾರೆ?"

"ಹಾಗಾದ್ರೆ ತಗೊಳ್ಳಿ," ಎಂದಳು ಒಡಾಲಿಸ್. "ಕೊಟ್ಟೆ. ಎಲ್ಲಾನೂ ಕೊಟ್ಟೆ." ಪೆನ್ನಿಗಾಗಿ ಆಗಲೇ ಕೈ ಚಾಚಿದ್ದಳು.

ಆರಿನ್ ಗೊತ್ತುವಳಿ ಮಂಡಿಸಿದ. ಹೆಸ್ಟರ್‌ಗೆ ಎರಡು ಸಲ ಕೂಗಿ ಹೇಳಿದ ಮೇಲೆ "ಬೆಣ್ಣೆಹಣ್ಣಾ? ಬೇಕು ಬೇಕು" ಎಂದು ಅನುಮೋದಿಸಿದಳು. ಡ್ವೇನ್ ಬೇಡವೆಂದ. ಬ್ರೂಮ್ ಡ್ವೇನ್ ಅಂದದ್ದಕ್ಕೇ ಸೈ ಎಂದ. ಎರಡಕ್ಕೆ ಎರಡು. ಉಳಿದದ್ದು ಅಧ್ಯಕ್ಷೆಯ ಮತ. ಪ್ರಶ್ನೆ ಕೇಳಿದ ಮಾತ್ರಕ್ಕೆ ಪರವಾಗಿ ಮತ ಹಾಕುತ್ತಾಳೆಂದಲ್ಲ, ಆರಿನ್‌ಗೆ ತನ್ನ ಹೆಂಡತಿ ಗೊತ್ತಿದ್ದಳು. ಹಳದಿ ಗೆರೆ ಎಲ್ಲಿದೆಯೆಂದು ಅವಳು ಒಮ್ಮೆ ನೋಡಿಯೇ ನೋಡುತ್ತಾಳೆ.

ಲವಾನ್ ಕನ್ನಡಕ ಹಾಕಿಕೊಂಡು ಗೊತ್ತುವಳಿಯನ್ನು ಮೊದಲಿನಿಂದ ಕೊನೆಯ ತನಕ ಓದಿದಳು. ಆಮೇಲೆ "ಒಪ್ಪಿಗೆ," ಎಂದಳು. "ಮುಂದಿನ ವಿಷಯ, ಬೀದಿದೀಪ."

ಮನೆಗೆ ಹೋಗುವಾಗ ಗಾಲ್ಫ್ ಗಾಡಿ ಅವಳೇ ಓಡಿಸುತ್ತಿದ್ದಳು. ಎರಡನೆಯ ಕೆರೆ ದಾಟುವ ತನಕ ಆರಿನ್ ತಡೆದುಕೊಂಡ.

"ಈಗ ಮಾತಾಡಬಹುದಾ?"

"ಮುಗಿದ ವಿಷಯ. ಮಾತಾಡು."

"ಲವಾನ್, ಆ ಮರದ ಕೆಳಗೆ..."

"ಗೊತ್ತು."

"ಏನ್ ಗೊತ್ತು?"

"ನೀನು ಗುಂಡಿ ತೋಡಿದ್ದು ಗೊತ್ತು. ಅವಳು ಡಬ್ಬಿ ಹಿಡ್ಕೊಂಡು ನಿಂತಿದ್ದು ಗೊತ್ತು. ಪಾತ್ರೆ ತೊಳೀತಿದ್ದೆ ಕಣೋ. ನಮ್ಮ ಅಡುಗೆಮನೆ ಕಿಟಕಿ ಎಲ್ಲಿಗೆ ತೆರೆಯುತ್ತೆ ಅಂತ ನಿನಗೆ ಮರೆತೋಯ್ತಾ?" ಅವಳು ದಾರಿ ನೋಡುತ್ತಲೇ ಇದ್ದಳು. "ನೀನು ಟೋಪಿ ತೆಗೆದು ಅತ್ತಿದ್ದೂ ನೋಡಿದೆ. ಒಳಗೆ ಬಂದಾಗ ಕಣ್ಣು ಯಾಕೆ ಕೆಂಪಗಿದೆ ಅಂದ್ರೆ, ಈರುಳ್ಳಿ ಹೆಚ್ಚಿದೆ ಅಂದೆ ನೀನು. ನಮ್ಮನೇಲಿ ಅವತ್ತು ಈರುಳ್ಳಿನೇ ಇರಲಿಲ್ಲ."

ಆರಿನ್‌ಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ನಾಲ್ಕು ವರ್ಷ ಹೇಳ್ಲೇ ಇಲ್ಲ ನೀನು."

"ನೀನೂ ಹೇಳ್ಲಿಲ್ಲ. ಅವಳಿಗೆ ಮಾತು ಕೊಟ್ಟಿದೀಯ ಅಂತ ಗೊತ್ತಾಯ್ತು, ಬಿಟ್ಟೆ." ಗಾಡಿ ನಿಧಾನ ಮಾಡಿ, ದಾರಿಗೆ ಅಡ್ಡ ಬಂದ ಎರಡು ಕೊಕ್ಕರೆಗಳು ದಾಟುವ ತನಕ ಕಾದಳು. "ಒಂಬತ್ತು ದಿನ ಆ ಕಾನೂನು ಪುಸ್ತಕ ಎಷ್ಟು ಸಲ ಓದಿದೀನಿ ಅಂತ ನಿನಗೇನ್ ಗೊತ್ತು. ಎಲ್ಲೂ ಸಂದಿ ಸಿಗ್ಲಿಲ್ಲ. ದಾನ ಅನ್ನೋದು ಸಿಕ್ಕಿದಾಗ ಒಬ್ಬಳೇ ಕೂತು ಅತ್ತೆ. ಅವಳು ಕೊಡೋದಿಲ್ಲ ಅಂದಿದ್ರೆ ನಾನು ಕಡೀರಿ ಅಂತಿದ್ದೆ ಆರಿನ್. ಅದು ನಿನಗೆ ತಿಳಿದಿರಲಿ."

"ತಿಳಿದಿದೆ," ಎಂದು ಅವನು ಸ್ಟೀರಿಂಗಿನ ಮೇಲಿದ್ದ ಅವಳ ಕೈ ಮುಟ್ಟಿದ.

ಮುಂದಿನ ವಾರ ಜಿಲ್ಲೆಯವರು ಬಂದು ಮರಕ್ಕೆ ಒಂದು ತಗಡಿನ ಬಿಲ್ಲೆ ಕಟ್ಟಿ ಹೋದರು. ಅದರ ಮೇಲೆ ಮರದ ಸಂಖ್ಯೆ ನಾಲ್ಕುನೂರ ಹದಿನೆಂಟು ಎಂದಿತ್ತು. ಆಗಸ್ಟಿನಲ್ಲಿ ಕಾಯಿ ಬಲಿಯಿತು. ಎಲ್ಲರಿಗಿಂತ ಮೊದಲು ಚೀಲ ಹಿಡಿದು ಬಂದವನು ಡ್ವೇನ್ ಪ್ಲಟ್. ಸಾರ್ವಜನಿಕರ ಹಣ್ಣು, ತನ್ನ ಪಾಲು ಬಿಡುವುದುಂಟೇ? ಒಡಾಲಿಸ್ ಬೇಲಿಯಿಂದ ನೋಡಿದಳು. ತಡೆಯಲಾಗದೆ ಬಂದೇಬಿಟ್ಟಳು.

"ಅದಲ್ಲಪ್ಪ, ಅದು ಎಳಸು. ತೊಟ್ಟು ನೋಡು, ಹೊಳಪು ಹೋಗಿರ್ಬೇಕು. ಇದು ಮರದ ಮೇಲೆ ಹಣ್ಣಾಗೋದಿಲ್ಲ. ಪೇಪರ್‌ನಲ್ಲಿ ಸುತ್ತಿ ನಾಲ್ಕು ದಿನ ಇಡು. ಅವಸರ ಮಾಡ್ಬೇಡ." ಮೂರು ಕಾಯಿ ಆರಿಸಿ ಅವನ ಚೀಲಕ್ಕೆ ಹಾಕಿದಳು. ಡ್ವೇನ್ ಟೋಪಿ ಮುಟ್ಟಿಕೊಂಡ.

ಅವಳು ದಿನವೂ ಬೆಳಿಗ್ಗೆ ಕಾಫಿಯ ಲೋಟ ಒಂದು ಕೈಯಲ್ಲಿ, ಬಿಳಿ ಪ್ಲಾಸ್ಟಿಕ್ ಕುರ್ಚಿ ಇನ್ನೊಂದು ಕೈಯಲ್ಲಿ ಹಿಡಿದು ಮರದ ಕೆಳಗೆ ಹೋಗುತ್ತಿದ್ದಳು. ಕೆಲವು ದಿನ ಕಳೆದ ಮೇಲೆ ಲವಾನ್ ಕೂಡ ತನ್ನ ಕುರ್ಚಿ ಎತ್ತಿಕೊಂಡು ಹೊರಟಳು. ಇಬ್ಬರೂ ನೀರಿನ ಕಡೆ ಮುಖ ಮಾಡಿ ಕೂರುತ್ತಿದ್ದರು, ಮಾತು ಕಡಿಮೆ. ಬಿಸಿಲೇರಿದಾಗ ಲವಾನ್ ಎದ್ದು, ಏನೂ ಬಿಟ್ಟಿಲ್ಲವಲ್ಲ ಎಂದು ಬುಡದ ಸುತ್ತ ಒಮ್ಮೆ ನೋಡುತ್ತಿದ್ದಳು. ತಮ್ಮ ತಮ್ಮ ಕುರ್ಚಿ ಎತ್ತಿಕೊಂಡು ತಮ್ಮ ತಮ್ಮ ಮನೆಗೆ ಹೋಗುತ್ತಿದ್ದರು. ಆರಿನ್ ಕಿಟಕಿಯಿಂದ ನೋಡುವಾಗ ಆ ಇಪ್ಪತ್ತು ಅಡಿಯ ಹುಲ್ಲಿನ ಮೇಲೆ ಯಾರದೂ ಏನೂ ಇರುತ್ತಿರಲಿಲ್ಲ, ಒದ್ದೆ ಮಣ್ಣಿನಲ್ಲಿ ಒತ್ತಿದ ಕುರ್ಚಿ ಕಾಲುಗಳ ಎಂಟು ಗುರುತುಗಳ ಹೊರತು.