ಸಡಲ ಬಿಡ್ರಿ

ಮಗ್ಗದ ಮೇಲೆ ಅವಳ ಬಲಗೈ ನಡುಗಿತು, ಇಲ್ಲ, ಕಿಟಕಿಯಾಚೆಯ ಬೇವಿನ ನೆರಳು ಆಡಿದ್ದಿರಬೇಕು, ಹುಸೇನಸಾಬರು ಬಾಗಿಲಲ್ಲೇ ನಿಂತರು — ಮಳೆಗಾಲದಲ್ಲಿ ಲಕ್ವಾ ಹೊಡೆದ ಮೇಲೆ ಹೆಂಡತಿ ಮಕ್ತುಮಬಿ ಇವತ್ತೇ ಮೊದಲು ಮಗ್ಗಕ್ಕೆ ಕೂತಿದ್ದಾಳೆ, ಸೀರೆಯ ಮೈಯ ಕಪ್ಪು ಎಳೆಗೆ ಸೆರಗಿನ ಕೆಂಪು ಎಳೆಯನ್ನು ಕೊಂಡಿ ಹಾಕಿ ಕೂಡಿಸಬೇಕು, ಕೂಡಿದರೆ ಕೈ ಬಂತು, ಕೂಡದಿದ್ದರೆ ಮಗ್ಗ ಬಿಚ್ಚಿಡ್ರಿ ಅಂತ ನಿನ್ನೆ ಅವಳೇ ಹೇಳಿದಳು, ಆ ಮಾತಿಗೆ ಅವರಿಗೆ ರಾತ್ರಿಯೆಲ್ಲ ನಿದ್ದೆಯಿಲ್ಲ, ಈ ಕೈ ತನಗೆ ಏನೇನು ಕೊಟ್ಟಿಲ್ಲ, ಹೊಸ ಮದುವೆ, ಆಗ ತಾನು ರಜೆಗೆ ಬಂದ ಫೌಜಿನ ಇಂಜಿನಿಯರು, ನಾನೂ ಒಂದು ಕೊಂಡಿ ಹಾಕುತ್ತೇನೆಂದು ಕೂತು ಎಳೆ ಹರಿದಾಗ ನಕ್ಕಿದ್ದಳು, ಜಗ್ಗಬ್ಯಾಡ್ರಿ, ಸಡಲ ಬಿಡ್ರಿ, ತಾನ ಕೂಡತೈತಿ — ಎಪ್ಪತ್ತೊಂದರ ಯುದ್ಧ, ಹೊಳೆಯ ನಡುವೆ ಕಬ್ಬಿಣದ ಸೇತುವೆಯ ಎರಡು ತುಂಡು ಹೊಂದುತ್ತಿಲ್ಲ, ಜವಾನರು ಜಗ್ಗುತ್ತಾರೆ, ಬೈಯುತ್ತಾರೆ, ಕಿವಿಯಲ್ಲಿ ಅವಳ ದನಿ, ಅದನ್ನೇ ಹಿಂದಿಯಲ್ಲಿ ಜವಾನರಿಗೆ ಢೀಲಾ ಛೋಡೋ ಎಂದು ಕೂಗಿದರು, ಕೀಲು ಸಲೀಸಾಗಿ ಇಳಿಯಿತು, ಲಾರಿಗಳು ದಾಟಿದವು, ಇಳಕಲ್ಲಿನಲ್ಲಿದ್ದ ಇವಳಿಗೆ ಬರಬೇಕಾದ ಪದಕ ತನ್ನ ಎದೆಗೆ ಬಂತು, ಆಮೇಲೆ ಹುನಗುಂದದ ಜನ ಆರಿಸಿ ವಿಧಾನಸೌಧಕ್ಕೆ ಕಳಿಸಿದರು, ನೀರಿನ ಜಗಳಕ್ಕೆ ಎರಡು ಊರು ಕೈ ಕೈ ಮಿಲಾಯಿಸಿದಾಗಲೂ ಅದೇ ಮದ್ದು, ನಮ್ಮ ಶಾಸಕರು ಭಾಳ ಶಾಣ್ಯಾ ಅಂದರು ಮಂದಿ, ಕಟ್ಟಿಕೊಟ್ಟ ಬುತ್ತಿ ಹೇಳಿಕೊಟ್ಟ ಬುದ್ಧಿ ಎಷ್ಟು ದಿನ ಅನ್ನುತ್ತಾರೆ, ತನಗಂತೂ ಜನ್ಮಕ್ಕೆ ಸಾಕಾಯಿತು, ಚುನಾವಣೆಯಲ್ಲಿ ಸೋತ ದಿನ ಅಂಗಳ ಖಾಲಿ, ಇವಳು ಅಮೀನಗಡದ ಕರದಂಟು ಬಾಯಿಗಿಟ್ಟು, ಚಲೋನ ಆತು ಬಿಡ್ರಿ, ಇನ್ನರ ಮನ್ಯಾಗ ಇರ್ತೀರಿ — ಅಗೋ, ಎಳೆ ಜಾರಿತು, ಕೆಂಪು ಎಳೆ, ಮತ್ತೆ ಹಿಡಿದಳು, ಮತ್ತೆ ಜಾರಿತು, ಜಗ್ಗುತ್ತಿದ್ದಾಳೆ, ಅವಳೇ ಜಗ್ಗುತ್ತಿದ್ದಾಳೆ, ಅವಳ ಮಾತನ್ನು ಅವಳಿಗೇ ಹೇಳಲೇ, ಅತ್ತುಬಿಟ್ಟರೆ, ಹತ್ತಿರ ಹೋದರು, ಬಾಯಿ ತೆರೆದರೆ ಬಂದದ್ದೇ ಬೇರೆ, ನಿನ್ನಿಂದ ಭಾಳ ಸುಖಪಟ್ಟೆ ಮಕ್ತುಮಾ, ಅವಳು ತಲೆ ಎತ್ತಲಿಲ್ಲ, ಇದನ್ನ ಹೇಳಾಕ ಈಗ ಟೈಮ್ ಸಿಕ್ತೇನ್ರಿ, ಅತ್ಲಾಗ ಸರೀರಿ, ಬೆಳಕಿಗೆ ಅಡ್ಡ ನಿಂತೀರಿ, ಅಂದವಳಿಗೆ ನಗು ತಡೆಯಲಾಗಲಿಲ್ಲ, ಮಾಜಿ ಶಾಸಕರು ಗೋಡೆಗೆ ಸರಿದರು, ನಗುವಿಗೆ ಅವಳ ಭುಜ ಸಡಿಲವಾಯಿತು, ಮೊಣಕೈ, ಬೆರಳು, ಕಪ್ಪು ಕೊಂಡಿಯೊಳಗೆ ಕೆಂಪು ಎಳೆ, ಒಳಗೆ, ಕೆಂಪು ಎಳೆ —